ಗೃಹವಿತಾನಲೇಖನ ವಿಚಾರ

ವಿಷ್ಣುಧರ್ಮೋತ್ತರಪುರಾಣದ ತೃತೀಯಖಂಡದಲ್ಲಿ 35ನೆಯ ಅಧ್ಯಾಯದಿಂದ 43ನೆಯ ಅಧ್ಯಾಯದವರೆಗಿನ ಭಾಗವು ಚಿತ್ರಸೂತ್ರವೆಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು. ಮಾರ್ಕಂಡೇಯನು ವಜ್ರರಾಜನಿಗೆ ಉಪದೇಶಿಸಿದ ರೂಪದಲ್ಲಿರುವ ಈ ಭಾಗದ ಕಡೆಯ ಅಧ್ಯಾಯದಲ್ಲಿ, ಮನೆಗಳಲ್ಲಿ ಬರೆಯತಕ್ಕ ಚಿತ್ರಗಳಾವುವು, ಬರೆಯಬಾರದವುಗಳಾವುವು ಎಂಬುದನ್ನು ನಿರೂಪಿಸಿದ ಬಳಿಕ, ಗೃಹಸ್ಥನು ತನ್ನ ಮನೆಯಲ್ಲಿ ತನ್ನ ಕೈಯಿಂದಲೇ ಚಿತ್ರಕರ್ಮವನ್ನು ಮಾಡಕೂಡದೆಂದು ಒಂದು ನಿಷೇಧವು ಬಂದಿದೆ. ಹೀಗೇಕೆಂಬುದಕ್ಕೆ ಕಾರಣವನ್ನು ಅಲ್ಲಿ ಹೇಳಿಲ್ಲ. ನಿಷೇಧವನ್ನು ಹೇಳಿ ಗ್ರಂಥವು ಚಿತ್ರದ ದೋಷಗಳ ವಿಚಾರಕ್ಕೆ ನಡೆದುಬಿಡುತ್ತದೆ.

ಮನೆಯ ಮುಚ್ಚಿಗೆಯ ಒಳಮೈಯ ಮೇಲೆ ಚೌಕ, ವೃತ್ತ, ದಳ, ಬಳ್ಳಿ ಮೊದಲಾದ ರೇಖಾವಿನ್ಯಾಸಗಳನ್ನು ಬರೆದು ಅಲಂಕರಿಸಬೇಕೆಂದಿರುವವರಿಗೆ ಈ ವಚನವು ಅಡ್ಡಿಯಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅಡ್ಡಿಯಾಗುವುದೆಂದರೆ, ಪ್ರತಿದಿನವೂ ಬಾಗಿಲಲ್ಲಿಯೂ ದೇವರ ಮುಂದೆಯೂ ರಂಗವಲ್ಲಿಯನ್ನು ಇಡುವ ಗೃಹಿಣಿಯರೆಲ್ಲರೂ ಶಾಸ್ತ್ರೋಲ್ಲಂಘನೆಯನ್ನು ಮಾಡುತ್ತಿರುವರೆಂದಾಗುತ್ತದೆ. ಅಡ್ಡಿಯಿಲ್ಲವೆಂದರೆ ಸ್ಪಷ್ಟವಾದ ವಚನಕ್ಕೆ ಗತಿಯೇನೆಂದು ಕೇಳಬೇಕಾಗುತ್ತದೆ. ಈ ಸಂದೇಹವನ್ನು ಪರಿಹರಿಸಹೊರಟರೆ, ಮುಚ್ಚಿಗೆಯ ಚಿತ್ರವೆಂಬುದು ಮೂಲತಃ ಏನು, ಅದನ್ನು ಎಲ್ಲಿಂದ ಆರಂಭಿಸಿ ಹೇಗೆ ಬರೆಯಬೇಕು ಎಂಬುದೂ ಅದರೊಡನೆಯೇ ವಿಶದವಾಗುವುದರಿಂದ, ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ನಡೆಸುವುದು ಯುಕ್ತ.

ಮೊದಲು ಪ್ರಕರಣವನ್ನು ನೋಡತಕ್ಕದ್ದು. ಚಿತ್ರಸೂತ್ರದ ಒಂಬತ್ತು ಅಧ್ಯಾಯಗಳ ಪೈಕಿ ಆದಿಯ ಅಧ್ಯಾಯಗಳು ಹಂಸ, ಭದ್ರ, ಮಾಲವ್ಯ, ರುಚಕ, ಶಶಕವೆಂಬ ಐದು ಬಗೆಯ ಪುರುಷರ ಅಂಗಪ್ರಮಾಣಗಳನ್ನೂ ನಿಲುವುಗಳ ಭೇದಗಳನ್ನೂ ಹೇಳುತ್ತವೆ. 42ನೆಯ ಅಧ್ಯಾಯವು ದೇವತೆಗಳು, ರಾಜರು, ಋಷಿಗಳು ಮುಂತಾದವರ ರೂಪಗಳನ್ನು ಹೇಳುತ್ತದೆ. 43ನೆಯದು ರಸಗಳ ವಿಷಯ. ಅಲ್ಲಿ ಶೃಂಗಾರ, ಹಾಸ್ಯ, ಶಾಂತ ಈ ಮೂರು ರಸಗಳ ಚಿತ್ರಗಳನ್ನು ಮಾತ್ರವೇ ಮನೆಗಳಲ್ಲಿ ಬರೆಯಬಹುದೆಂದೂ, ದೇವಾಲಯದಲ್ಲಿಯೂ ರಾಜಸಭೆಯಲ್ಲಿಯೂ ಎಲ್ಲ ರಸಗಳೂ ಸಲ್ಲುವುವೆಂದೂ, ಯುದ್ಧ ಶ್ಮಶಾನ ಮರಣ ದುಃಖಗಳ ಚಿತ್ರಗಳು ವಾಸಗೃಹಕ್ಕೆ ಅಮಂಗಲವೆಂದೂ, ನಿಧಿಗಳು, ವಿದ್ಯಾಧರರು, ಋಷಿಗಳು, ಗರುಡ, ಹನುಮಂತ ಮುಂತಾದ ಮಂಗಲರೂಪಗಳನ್ನು ಮನೆಯಲ್ಲಿ ಬರೆಯಬೇಕೆಂದೂ ಹೇಳಿದ ಕೂಡಲೇ ಈ ನಿಷೇಧವು ಬರುತ್ತದೆ. ಆದುದರಿಂದ ಇಲ್ಲಿ ಚಿತ್ರಕರ್ಮವೆಂದರೆ ರೂಪವುಳ್ಳ, ರಸವನ್ನು ವ್ಯಂಜಿಸುವ ಚಿತ್ರವೆಂಬುದು ಪ್ರಕರಣದಿಂದ ಸಿದ್ಧವಾಗುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ಹೇಳಬಹುದು. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆಗಳಲ್ಲಿ ಮುಂದುಮುಂದಿನದು ಹಿಂದುಹಿಂದಿನದಕ್ಕಿಂತ ದುರ್ಬಲವೆಂಬುದು ಜೈಮಿನಿಯ ಮತವಷ್ಟೆ. ಚಿತ್ರಕರ್ಮವೆಂಬ ಸಾಮಾನ್ಯಶಬ್ದವು ಸಾಕ್ಷಾತ್ತಾಗಿ ಕೇಳಿಬರುತ್ತಿರುವಾಗ ಪ್ರಕರಣದ ಬಲದಿಂದ ಅದನ್ನು ಸಂಕೋಚಗೊಳಿಸುವುದು ಹೇಗೆ? ಆಕ್ಷೇಪವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಚಿತ್ರಶಬ್ದವು ನಿಜವಾಗಿಯೂ ಸಾಮಾನ್ಯಶಬ್ದವಾಗಿದ್ದರೆ ಗೃಹಸ್ಥನು ಕೈಕಟ್ಟಿ ಕುಳಿತಿರಬೇಕಾದುದೇ ಸರಿ. ಆದರೆ ಚಿತ್ರಶಬ್ದದೊಳಗೆ ಏನೇನು ಅಡಗಿದೆಯೆಂಬುದನ್ನು ಬಿಡಿಸಿ ಹೇಳಿದ ಗ್ರಂಥವೊಂದು ಕರ್ಣಾಟಕದಲ್ಲಿಯೇ ಹುಟ್ಟಿದೆ. ಅದು ಕಲ್ಯಾಣದ ಚಾಳುಕ್ಯಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರಿನಿಂದ ಇದರ ಪ್ರಥಮಭಾಗವನ್ನು ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದ ಪ್ರಕಟಿಸಿದರು.

ಸೋಮೇಶ್ವರನು ಚಿತ್ರವಿಷಯವನ್ನು ದೇವಾಲಯದ ಪ್ರಸ್ತಾವದಲ್ಲಿ ತರದೆ, ಉಪಭೋಗಗಳನ್ನು ಹೇಳುವ ತೃತೀಯವಿಂಶತಿಯಲ್ಲಿ, ಗೃಹೋಪಭೋಗದ ಅಂಗವಾಗಿ ಇಟ್ಟಿರುವನು. ಮನೆಯನ್ನು ಕಟ್ಟಿಸಿದವನು ಅದನ್ನು ಅನುಭವಿಸುವ ಬಗೆಗಳಲ್ಲಿ ಚಿತ್ರವೂ ಒಂದೆಂಬುದು ಅವನ ಭಾವ. ಅವನು ಚಿತ್ರಗಳನ್ನು ವಿದ್ಧ, ಅವಿದ್ಧ, ಭಾವಚಿತ್ರ, ರಸಚಿತ್ರ, ಧೂಳೀಚಿತ್ರವೆಂದು ವಿಭಾಗಿಸುತ್ತಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧ. ಮನಸ್ಸಿಗೆ ಬಂದಂತೆ ಆಕಾರಮಾತ್ರವನ್ನು ಬರೆದುದು ಅವಿದ್ಧ. ನೋಡಿದ ಮಾತ್ರಕ್ಕೆ ಶೃಂಗಾರಾದಿಗಳನ್ನು ತೋರಿಸುವುದು ಭಾವಚಿತ್ರ. ಉಳಿದೆರಡು ವಿಭಾಗಗಳು ವಸ್ತುವನ್ನಲ್ಲ, ದ್ರವ್ಯವನ್ನು ಅವಲಂಬಿಸಿದುವು. ದ್ರವರೂಪದ ಬಣ್ಣಗಳಿಂದ ಬರೆದುದು ರಸಚಿತ್ರ, ಪುಡಿಬಣ್ಣಗಳಿಂದ ರಚಿಸಿದುದು ಧೂಳೀಚಿತ್ರ. ರಸಚಿತ್ರವೆಂಬಲ್ಲಿ ರಸಶಬ್ದಕ್ಕೆ ದ್ರವವೆಂದೇ ಅರ್ಥ. ಕಾವ್ಯಶಾಸ್ತ್ರದ ಪರಿಚಯವಿರುವವರು ಇಲ್ಲಿ ಎಡವುವುದು ಸಹಜವಾದುದರಿಂದ ಇದನ್ನು ಎತ್ತಿಹೇಳಬೇಕಾಯಿತು.

ಈ ವಿಭಾಗದಿಂದ ವಿದಿತವಾಗುವ ಅಂಶವೇನೆಂದರೆ, ಮಾನಸೋಲ್ಲಾಸದ ಚಿತ್ರಶಬ್ದವು ರಂಗವಲ್ಲಿಯನ್ನೂ ಒಳಕೊಳ್ಳುವಷ್ಟು ವಿಶಾಲವಾದುದು. ಚಿತ್ರಸೂತ್ರದ ಚಿತ್ರಶಬ್ದವಾದರೋ ಮಾನ, ನಿಲುವು, ರೂಪ, ರಸಗಳೆಂಬ ಲಕ್ಷಣಗಳಿಂದ ಮೊದಲೇ ಕಟ್ಟುಗೊಂಡಿರುವುದು. ಇಲ್ಲಿ ಶಬ್ದದ ಅರ್ಥವನ್ನು ಪ್ರಕರಣವು ಕುಗ್ಗಿಸುತ್ತಿಲ್ಲ. ಆ ಗ್ರಂಥದ ಪರಿಭಾಷೆಯೇ ಅಷ್ಟರದು. ಮುಖವಿಲ್ಲದ, ಅಂಗವಿಲ್ಲದ, ರಸವ್ಯಂಜಕವಲ್ಲದ ರೇಖಾವಿನ್ಯಾಸವು ಆ ನಿಷೇಧಕ್ಕೆ ವಿಷಯವೇ ಆಗುವುದಿಲ್ಲ. ನಿಷೇಧಕ್ಕೆ ಕಾರಣವನ್ನು ಊಹಿಸಬೇಕಾದರೆ ಹೀಗೆನ್ನಬಹುದು: ಅಭ್ಯಾಸವಿಲ್ಲದ ಗೃಹಸ್ಥನು ಶಾಂತವಾದ ಮುಖವೊಂದನ್ನು ಬರೆಯಹೋಗಿ ಅದು ಅಳುಮುಖವಾದರೆ, ಮನೆಯಲ್ಲಿ ಬರೆಯಬಾರದೆಂದು ಹೇಳಿದ ಅಮಂಗಲಚಿತ್ರವೇ ಅವನ ಕೈಯಿಂದ ಹುಟ್ಟುವುದು. ಚೌಕವು ಸೊಟ್ಟಗಾದರೆ ಸೊಟ್ಟಚೌಕವಾಗುವುದೇ ಹೊರತು ಅಮಂಗಲವಾಗದು. ಇಷ್ಟಕ್ಕೂ ಸಮಾಧಾನವಾಗದ ಕಟ್ಟುನಿಟ್ಟಿನವರು ಬಟ್ಟೆಯ ಮೇಲೆ ಬೇರೆಡೆಯಲ್ಲಿ ಬರೆದು ತಂದು ಮೇಲೆ ಕಟ್ಟಬಹುದು; ಆಗ ವಚನದ ಅಕ್ಷರಕ್ಕೂ ಲೋಪವಿಲ್ಲ. ಈ ಮಾತು ವಿನೋದದಂತೆ ಕಂಡರೂ ಬಟ್ಟೆಯ ವಿಷಯವು ವಿನೋದವಲ್ಲ. ಮುಚ್ಚಿಗೆಯ ಚಿತ್ರದ ಮೂಲವು ಬಟ್ಟೆಯಲ್ಲಿಯೇ ಇದೆ.

ಹೇಗೆಂದರೆ, ವಿತಾನವೆಂಬ ಶಬ್ದಕ್ಕೆ ಛಾವಣಿಯೆಂದು ಅರ್ಥಹೇಳಿ ಮುಂದೆ ಸಾಗುವುದು ಪಾಠಹೇಳುವವರಲ್ಲಿ ರೂಢಿಯಾಗಿದೆ. ಇದು ಸಾಧುವಲ್ಲ. ಅಮರಸಿಂಹನು ಮನೆಯ ಅವಯವಗಳನ್ನು ಪುರವರ್ಗದಲ್ಲಿ ಹೇಳಿದ್ದಾನೆ. ವಲಭಿ, ಗೋಪಾನಸಿ, ಪಟಲ, ಛದಿಸ್ ಮುಂತಾದ ಮಾಡಿನ ಸಂಬಂಧದ ಶಬ್ದಗಳು ಅಲ್ಲಿವೆ. ವಿತಾನಶಬ್ದವು ಅಲ್ಲಿಲ್ಲ. ಅದು ಉಲ್ಲೋಚವೆಂಬ ಪರ್ಯಾಯದೊಡನೆ ಮನುಷ್ಯವರ್ಗದಲ್ಲಿ, ಉಡುವ ಹೊದೆಯುವ ವಸ್ತ್ರಗಳ ಸಾಲಿನಲ್ಲಿ, ಬಟ್ಟೆಯ ಮನೆಯಾದ ಡೇರೆಗೂ ತೆರೆಗೂ ನೆರೆಯಾಗಿ ಕುಳಿತಿದೆ. ಕೋಶಕಾರನು ಶಬ್ದವನ್ನು ಇಟ್ಟ ಎಡೆಯೂ ಅರ್ಥಬೋಧಕವೇ. ತನ್ ಧಾತುವಿಗೆ ಹರಡು, ಎಳೆದು ಕಟ್ಟು ಎಂಬ ಅರ್ಥವಿರುವುದರಿಂದ ವಿತಾನವೆಂದರೆ ಎಳೆದು ಹರಡಿ ಕಟ್ಟಿದುದು. ಉಲ್ಲೋಚವು ನೋಡುವ ಅರ್ಥದ ಲೋಚ್ ಧಾತುವಿನಿಂದ, ಮೇಲೆತ್ತಿ ನೋಡಲ್ಪಡುವುದೆಂಬ ವ್ಯುತ್ಪತ್ತಿಗೆ ಒದಗುತ್ತದೆ. ಕನ್ನಡದಲ್ಲಿಯೂ ಈ ಭೇದವು ಅಚ್ಚುಕಟ್ಟಾಗಿ ಉಳಿದಿದೆ. ಮುಚ್ಚು ಧಾತುವಿನಿಂದ ಬಂದ ಮುಚ್ಚಿಗೆಯು ಕಟ್ಟಡದ ಭಾಗ, ಹಲಗೆಯದೋ ಗಾರೆಯದೋ ಆಗಿರುವುದು. ಮೇಲ್ಕಟ್ಟು ಅದರ ಕೆಳಗೆ ಕಟ್ಟುವ ಬಟ್ಟೆ. ವಿತಾನಕ್ಕೆ ಸಮನಾದುದು ಮೇಲ್ಕಟ್ಟೇ ಹೊರತು ಮುಚ್ಚಿಗೆಯಲ್ಲ.

ಕಟ್ಟಿದ ಬಟ್ಟೆಯು ಮಾಸುತ್ತದೆ, ಹರಿಯುತ್ತದೆ. ಅದನ್ನೇ ಮುಚ್ಚಿಗೆಯ ಮೇಲೆ ಬಣ್ಣದಿಂದ ಬರೆದರೆ ಬಹುಕಾಲ ನಿಲ್ಲುತ್ತದೆ. ಅಜಂತೆಯ 1, 2, 17ನೆಯ ಗುಹೆಗಳ ಮೇಲ್ಮೈಗಳನ್ನು ನೋಡಿದವರಿಗೆ ಇದು ಸ್ಪಷ್ಟವಾಗುವುದು. ಅಲ್ಲಿ ಕಲ್ಲಿನ ಮೇಲ್ಮೈಯನ್ನು ಅಂಚುಪಟ್ಟಿಗಳಿಂದ ಸುತ್ತುವರಿದು, ಚೌಕಗಳಾಗಿ ಭಾಗಿಸಿ, ನಡುವೆ ವೃತ್ತಗಳನ್ನೂ ಚೌಕಗಳೊಳಗೆ ಹೂ ಹಣ್ಣು ಹಂಸಗಳನ್ನೂ ಬರೆದಿದೆ. ಕೊರೆದ ಬಂಡೆಗೆ ತೊಲೆಯೂ ಬೇಡ, ಹಲಗೆಯೂ ಬೇಡ, ಬಟ್ಟೆಯಂತೂ ಬೇಡವೇ ಬೇಡ; ಆದರೂ ಚಿತ್ರಕಾರನ ಕಣ್ಣಿನಲ್ಲಿ ಅದು ಕಟ್ಟಿದ ಮೇಲ್ಕಟ್ಟೇ. ಪುದುಕ್ಕೋಟೆಯ ಸಮೀಪದ ಸಿತ್ತನ್ನವಾಸಲ್ ಜೈನಗುಹೆಯ ಗರ್ಭಗೃಹದ ಮೇಲ್ಮೈಯಲ್ಲಿ ಚೌಕ ವೃತ್ತಗಳನ್ನು ಹೆಣೆದ, ನೆಯ್ದ ಬಟ್ಟೆಯನ್ನೇ ಹೋಲುವ ವಿನ್ಯಾಸವೊಂದು ಉಳಿದಿದೆ. ಜಿನಬಿಂಬದ ಮೇಲೆ ಕಟ್ಟಿದ ವಿತಾನವದು. ಇವೆಲ್ಲಕ್ಕಿಂತ ನೇರವಾದ ಸಾಕ್ಷ್ಯವು ಶ್ರೀರಂಗಪಟ್ಟಣದಲ್ಲಿದೆ. 1784ರಲ್ಲಿ ಟೀಪೂಸುಲ್ತಾನನು ಬೇಸಗೆಯ ವಾಸಕ್ಕಾಗಿ ಕಟ್ಟಿಸಿದ ದರಿಯಾದೌಲತ್ ಅರಮನೆಯ ಮರದ ಮುಚ್ಚಿಗೆಗಳಿಗೆ ದಪ್ಪಬಟ್ಟೆಯನ್ನು ಅಂಟಿಸಿ, ಅದರ ಮೇಲೆ ಹೂಬಳ್ಳಿಗಳನ್ನು ಬರೆದಿರುವರು. ಶಬ್ದದ ಚರಿತ್ರೆಯೂ ವಸ್ತುವಿನ ಚರಿತ್ರೆಯೂ ಇಲ್ಲಿ ಕೈಗೂಡಿವೆ.

ಬಟ್ಟೆಗೆ ರೇಖಾವಿನ್ಯಾಸವೇ ಏಕೆ ಒಗ್ಗಿತು, ಮನುಷ್ಯರೂಪಗಳೇಕೆ ಬೇಡವೆಂದು ಕೇಳಬಹುದು. ರೂಪವನ್ನು ಬರೆಯುವವನಿಗೆ ಬ್ರಹ್ಮಸೂತ್ರವು ಮುಖ್ಯವೆಂದು ಮಾನಸೋಲ್ಲಾಸವು ಹೇಳುತ್ತದೆ. ತಲೆಯಿಂದ ಪಾದಗಳ ನಡುವಿಗೆ ಇಳಿಬಿಟ್ಟ ನೇರವಾದ ಗೆರೆಯೇ ಬ್ರಹ್ಮಸೂತ್ರ. ಅದರ ಎರಡು ಪಕ್ಕಗಳಲ್ಲಿ ಪಕ್ಷಸೂತ್ರಗಳು. ಗೋಡೆಗೆ ಮೇಲು ಕೆಳಗುಗಳುಂಟು, ಆದುದರಿಂದ ಅಲ್ಲಿ ಈ ಸೂತ್ರವು ಸಲ್ಲುತ್ತದೆ. ಮುಚ್ಚಿಗೆಗೆ ಮೇಲೆಂಬುದಿಲ್ಲ, ಕೆಳಗೆಂಬುದಿಲ್ಲ. ಅಲ್ಲಿ ನಿಂತ ಮನುಷ್ಯನನ್ನು ಬರೆದರೆ ಒಂದು ಬಾಗಿಲಿನಿಂದ ಬಂದವನಿಗೆ ನೆಟ್ಟಗೂ ಎದುರು ಬಾಗಿಲಿನಿಂದ ಬಂದವನಿಗೆ ತಲೆಕೆಳಗಾಗಿಯೂ ಕಾಣುವನು. ಹಂಪೆಯ ವಿರೂಪಾಕ್ಷದೇವಾಲಯದ ರಂಗಮಂಟಪದ ಮೇಲ್ಮೈಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ, ಗಿರಿಜಾಕಲ್ಯಾಣ ಮೊದಲಾದ ಕಥಾಚಿತ್ರಗಳನ್ನು ಬರೆದಿರುವರೆಂಬುದು ನಿಜ. ಅವುಗಳನ್ನು ಪಟ್ಟಿಪಟ್ಟಿಯಾಗಿ ಓದಬೇಕಾಗಿದೆ, ನೋಡುವವನು ಕುತ್ತಿಗೆಯನ್ನು ಎತ್ತಿದ್ದಲ್ಲದೆ ದಿಕ್ಕನ್ನೂ ಬದಲಾಯಿಸಬೇಕಾಗಿದೆ. ದೇವಾಲಯಕ್ಕೆ ಬಂದವನು ಈ ಶ್ರಮವನ್ನು ವಹಿಸಬಹುದು. ಊಟಕ್ಕೋ ನಿದ್ರೆಗೋ ಬಂದವನು ವಹಿಸಲಾರನು. ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಕಾಣುವ ವಿನ್ಯಾಸವೇ ಮನೆಯ ಮುಚ್ಚಿಗೆಗೆ ತಕ್ಕದ್ದು.

ಇನ್ನು ಬರೆಯುವ ಕ್ರಮ. ಮನೆಯ ಮುಚ್ಚಿಗೆಯ ಮೇಲೆ ಬರೆಯಹೊರಟವರು ಸಾಮಾನ್ಯವಾಗಿ ರಂಗವಲ್ಲಿಯ ಅಭ್ಯಾಸದಿಂದಲೇ ಹೊರಡುವರು. ನಡುವಿನಲ್ಲಿ ಒಂದು ಕಮಲವನ್ನು ಬರೆದು ಸುತ್ತಲೂ ಬೆಳೆಸುತ್ತ ಹೋಗಿ, ಗೋಡೆಯು ಸಮೀಪಿಸಿದಾಗ ಒಂದು ಕಡೆ ಅರ್ಧ ಚೌಕವೂ ಇನ್ನೊಂದು ಕಡೆ ಮುಕ್ಕಾಲು ಚೌಕವೂ ಉಳಿದು ದಿಕ್ಕುಗೆಡುವರು. ನೆಲದ ಮೇಲಿನ ರಂಗವಲ್ಲಿಗೆ ಎಲ್ಲೆಯಿಲ್ಲ. ಅದು ನಡುವಿನಿಂದ ಹೊರಕ್ಕೆ ಬೆಳೆದು ಸಾಕೆನಿಸಿದಲ್ಲಿ ನಿಲ್ಲುತ್ತದೆ. ಬಟ್ಟೆಗೆ ಮೊದಲು ಅಂಚು, ಆಮೇಲೆ ಒಡಲು. ಮುಚ್ಚಿಗೆಯ ಚಿತ್ರವು ಬಟ್ಟೆಯೆಂಬುದನ್ನು ಅರಿತವನು ಅಂಚಿನಿಂದಲೇ ತೊಡಗುವನು. ಈ ಒಂದು ತಿಳಿವಳಿಕೆಯಿಂದಲೇ ಅರ್ಧ ಕೆಲಸವು ಮುಗಿದಂತೆ.

ಉದಾಹರಣೆಗೆ 14 ಅಡಿ ಉದ್ದ, 11 ಅಡಿ ಅಗಲದ ಒಂದು ಕೊಠಡಿಯನ್ನು ತೆಗೆದುಕೊಳ್ಳಬಹುದು. ಸುತ್ತಲೂ ಒಂದೊಂದು ಅಡಿಯನ್ನು ಅಂಚಿಗೆ ಬಿಟ್ಟರೆ ಒಡಲು 12 ಅಡಿ ಉದ್ದ, 9 ಅಡಿ ಅಗಲವಾಗುವುದು. ಶುಲ್ಬಸೂತ್ರಗಳನ್ನು ಓದಿದವರಿಗೆ ಈ ಎರಡು ಸಂಖ್ಯೆಗಳು ಪರಿಚಿತವೇ. ಆಯತದ ಕರ್ಣದ ಮೇಲಿನ ಚೌಕವು ಎರಡು ಭುಜಗಳ ಮೇಲಿನ ಚೌಕಗಳೆರಡಕ್ಕೂ ಸಮವೆಂದು ಬೌಧಾಯನನು ಹೇಳಿ, 3 ಮತ್ತು 4, 5 ಮತ್ತು 12, 8 ಮತ್ತು 15 ಮುಂತಾದ ಭುಜಗಳನ್ನು ನಿದರ್ಶನವಾಗಿ ಎಣಿಸಿರುವನು. 9 ಮತ್ತು 12 ಎಂಬುದು 3 ಮತ್ತು 4ರ ಮೂರು ಪಟ್ಟು. ಕರ್ಣವು 15 ಅಡಿ. ಆದುದರಿಂದ ಒಡಲಿನ ನಾಲ್ಕು ಮೂಲೆಗಳಲ್ಲಿ ಗುರುತುಮಾಡಿ, ಮೂಲೆಯಿಂದ ಮೂಲೆಗೆ ಹಗ್ಗವನ್ನು ಹಿಡಿದಾಗ ಎರಡು ಕರ್ಣಗಳೂ 15 ಅಡಿಯೇ ಆದರೆ ಮೂಲೆಗಳು ನೆಟ್ಟಗಿವೆಯೆಂದು ತಿಳಿಯತಕ್ಕದ್ದು. ಯಜ್ಞವೇದಿಯನ್ನು ನೆಲದ ಮೇಲೆ ಅಳೆದ ಹಗ್ಗವೇ ಇಲ್ಲಿ ತಲೆಯ ಮೇಲೆ ಕೆಲಸಮಾಡುತ್ತದೆ. ಕೆಮ್ಮಣ್ಣಿನ ಪುಡಿಯನ್ನು ಬಳಿದ ದಾರವನ್ನು ಇಬ್ಬರು ಎರಡು ಕೊನೆಗಳಲ್ಲಿ ಬಿಗಿಯಾಗಿ ಒತ್ತಿಹಿಡಿದು, ನಡುವೆ ಸ್ವಲ್ಪ ಎಳೆದು ಮಿಡಿದರೆ ನೇರವಾದ ಗೆರೆಯು ಬೀಳುವುದು. ಕರ್ಣಗಳು ಕೂಡಿದೆಡೆಯೇ ಮಧ್ಯಬಿಂದು.

ಕೊಠಡಿಯ ಗೋಡೆಗಳು ನೆಟ್ಟಗಿರುವುದು ಅಪರೂಪ. ಒಂದು ಗೋಡೆ 14 ಅಡಿಯಿದ್ದು ಅದರ ಎದುರಿನದು ಮೂರು ಅಂಗುಲ ಕಡಮೆಯಿರುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ಅಂಥಲ್ಲಿ ವಿನ್ಯಾಸವನ್ನು ಗೋಡೆಗೆ ಹೊಂದಿಸಿ ಸೊಟ್ಟಮಾಡುವುದು ತಪ್ಪು. ಒಡಲನ್ನೂ ಅಂಚನ್ನೂ ನೆಟ್ಟಗೆ ಬರೆದು, ಅಂಚಿನ ಹೊರಗೆ ಗೋಡೆಯವರೆಗೆ ಬರಿಯ ಬಣ್ಣದ ಪಟ್ಟಿಯೊಂದನ್ನು ಬಿಟ್ಟರೆ ಮೂರು ಅಂಗುಲದ ವ್ಯತ್ಯಾಸವು ಅದರಲ್ಲಿ ಕರಗಿಹೋಗುವುದು. ಸೊಟ್ಟ ಕೊಠಡಿಯಲ್ಲಿ ಬಟ್ಟೆಯನ್ನು ಕಟ್ಟುವವನು ಬಟ್ಟೆಯನ್ನು ಸೊಟ್ಟಗೆ ಕತ್ತರಿಸುವನೇ?

ಒಡಲನ್ನು ಚೌಕಗಳಾಗಿ ಭಾಗಿಸುವಾಗ ಮೊದಲು ನಿಶ್ಚಯಿಸಬೇಕಾದುದು, ಮಧ್ಯಬಿಂದುವು ಚೌಕದ ಒಡಲಿನಲ್ಲಿ ಬೀಳಬೇಕೋ ಗೆರೆಗಳ ಸಂಧಿಯಲ್ಲಿ ಬೀಳಬೇಕೋ ಎಂಬುದು. ವಾಸ್ತುಮಂಡಲಗಳಲ್ಲಿ ಈ ಎರಡು ಪಕ್ಷಗಳೂ ಇವೆ. 64 ಪದಗಳ ಮಂಡೂಕದಲ್ಲಿ ನಡುವು ಸಂಧಿ. 81 ಪದಗಳ ಪರಮಶಾಯಿಕದಲ್ಲಿ ನಡುವು ಪದ. ರಂಗವಲ್ಲಿಯನ್ನು ಇಡುವವರು ನೇರ ಚುಕ್ಕಿ, ಸಂದು ಚುಕ್ಕಿಯೆಂದು ವಿಂಗಡಿಸಿಕೊಂಡು ನಿತ್ಯವೂ ಇಂಥ ಎಣಿಕೆಯನ್ನೇ ಮಾಡುತ್ತಿರುವರು. ಮೇಲಿನ ಉದಾಹರಣೆಯಲ್ಲಿ ಒಂದೊಂದು ಅಡಿಯ ಚೌಕಗಳನ್ನು ಮಾಡಿದರೆ 12 ಮತ್ತು 9 ಆಗಿ, ಒಟ್ಟು 108 ಎಂಬ ಪುಣ್ಯಸಂಖ್ಯೆಯು ದೊರೆತರೂ ಮಧ್ಯಬಿಂದುವು ಒಂದು ಗೆರೆಯ ನಡುವೆ ಬಿದ್ದು ಕಮಲವು ಅನಾಥವಾಗುವುದು. ಒಂದೂವರೆ ಅಡಿಯ ಚೌಕಗಳಾದರೆ ಉದ್ದಕ್ಕೆ 8, ಅಗಲಕ್ಕೆ 6, ಒಟ್ಟು 48. ಎರಡೂ ಸಮಸಂಖ್ಯೆಗಳಾದುದರಿಂದ ಮಧ್ಯಬಿಂದುವು ಸಂಧಿಯಲ್ಲಿ ಬೀಳುವುದು. ಅದನ್ನು ಸುತ್ತುವರಿದ ನಾಲ್ಕು ಚೌಕಗಳಲ್ಲಿ ಒಂದೂವರೆ ಅಡಿಯ ತ್ರಿಜ್ಯದ ವೃತ್ತವು ಸರಿಯಾಗಿ ಕೂಡುತ್ತದೆ. ಉಳಿದ 44ರಲ್ಲಿ ಎರಡು ಬಗೆಯ ಹೂಗಳನ್ನು ಚದುರಂಗದ ಮಣೆಯಂತೆ ಒಂದುಬಿಟ್ಟೊಂದು ಬರೆದರೆ ಒಂದೊಂದು ಬಗೆಗೆ 22 ಬರುವುವು.

ಆದರೆ ಹೀಗೆ ಬರೆದಲ್ಲಿ ಕರ್ಣದ ಎದುರುಮೂಲೆಗಳಲ್ಲಿ ಒಂದೇ ಹೂವೂ ಪಕ್ಕದ ಮೂಲೆಗಳಲ್ಲಿ ಬೇರೆ ಹೂವೂ ಬರುತ್ತದೆ. ನಾಲ್ಕು ಮೂಲೆಗಳಲ್ಲಿಯೂ ಒಂದೇ ಹೂವು ಬೇಕೆನ್ನುವವರು ಎರಡು ಕಡೆಯೂ ವಿಷಮಸಂಖ್ಯೆಯನ್ನು ಪಡೆಯಬೇಕು. 12 ಮತ್ತು 9 ಅಡಿಯ ಒಡಲಿನಲ್ಲಿ ಇದು ಎಂದಿಗೂ ದೊರೆಯದು. 4ಕ್ಕೆ 3ರ ಪ್ರಮಾಣವಿರುವೆಡೆಯಲ್ಲಿ ಚೌಕವನ್ನು ಎಷ್ಟೇ ಚಿಕ್ಕದುಮಾಡಿದರೂ ಉದ್ದದ ಎಣಿಕೆಯು 4ರ ಅಪವರ್ತ್ಯವೇ ಆಗುವುದು. ಆಗ ಅಂಚನ್ನು ಅಗಲಮಾಡುವುದೊಂದೇ ದಾರಿ. ಸುತ್ತಲೂ ಒಂದು ಮುಕ್ಕಾಲು ಅಡಿಯನ್ನು ಅಂಚಿಗೆ ಬಿಟ್ಟರೆ ಒಡಲು ಹತ್ತೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲವಾಗಿ, ಒಂದೂವರೆ ಅಡಿಯ ಚೌಕಗಳು 7 ಮತ್ತು 5 ಆಗುವುವು. ನಡುವಿನಲ್ಲಿ ಒಂದು ಚೌಕವು ನಿಲ್ಲುವುದು, ಮೂಲೆಗಳೆಲ್ಲವೂ ಒಂದೇ ಆಗುವುವು. ಅಂಚು ಒಡಲನ್ನು ಆಳುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಂಚಿನ ಬಳ್ಳಿಯನ್ನು ಮೂಲೆಯಲ್ಲಿ ತಿರುಗಿಸುವುದು ಕಷ್ಟ. ನುರಿತವರೂ ಅಲ್ಲಿ ತಡವರಿಸುವರು. ನಾಲ್ಕು ಮೂಲೆಗಳಲ್ಲಿಯೂ ಅಂಚಿನ ಅಗಲದಷ್ಟೇ ಚೌಕವನ್ನು ಬೇರ್ಪಡಿಸಿ ಒಂದೊಂದು ಕಮಲವನ್ನು ಬರೆದರೆ ಬಳ್ಳಿಯು ತಿರುಗಬೇಕಾದುದೇ ಇಲ್ಲ. ಕಮಲದಿಂದ ಹೊರಟು ಕಮಲದಲ್ಲಿ ಮುಗಿಯುವುದು. ಕಮಲಕ್ಕೆ ಮೊಳೆಯೊಂದನ್ನು ನಡುವೆ ಚುಚ್ಚಿ ದಾರವನ್ನು ಕಟ್ಟಿ ವೃತ್ತವನ್ನು ಎಳೆಯತಕ್ಕದ್ದು. ಅದೇ ದಾರದ ಅಳತೆಯಿಂದ ಪರಿಧಿಯ ಮೇಲೆ ಗುರುತುಮಾಡುತ್ತ ಬಂದರೆ ಆರು ಗುರುತುಗಳಿಗೆ ಸುತ್ತು ಮುಗಿಯುವುದು, ಷಡ್ದಳವು ತಾನಾಗಿಯೇ ಸಿದ್ಧಿಸುವುದು. ಅಷ್ಟದಳವು ಬೇಕಾದರೆ ಚೌಕದ ಎರಡು ಕರ್ಣಗಳೂ ಎರಡು ನಡುಗೆರೆಗಳೂ ಎಂಟು ದಿಕ್ಕುಗಳನ್ನು ಕೊಡುವುವು. ಚೌಕದೊಳಗೆ ಅಷ್ಟದಳವು ಹೊಂದುವಷ್ಟು ಷಡ್ದಳವು ಹೊಂದುವುದಿಲ್ಲವೆಂಬುದನ್ನು ಬರೆದು ನೋಡಿದವರು ಒಪ್ಪುವರು.

ಚಿತ್ರದಲ್ಲಿ ಆಚಾರ್ಯರು ಮೆಚ್ಚುವುದು ರೇಖೆಯನ್ನು, ಇತರ ಜನರು ಮೆಚ್ಚುವುದು ಬಣ್ಣದ ಸಮೃದ್ಧಿಯನ್ನು ಎಂಬ ಅಭಿಪ್ರಾಯವು ಚಿತ್ರಸೂತ್ರದಲ್ಲಿದೆ. ಗೆರೆಯು ದುರ್ಬಲವಾಗಿರುವುದು, ದಪ್ಪವಾಗಿರುವುದು, ವಿಭಾಗವು ತಿಳಿಯದಿರುವುದು, ಬಣ್ಣಗಳು ಕಲಸಿಹೋಗುವುದು ಇವು ಅಲ್ಲಿ ಎಣಿಸಿದ ದೋಷಗಳಲ್ಲಿ ಸೇರಿವೆ. ರೂಪಚಿತ್ರಕ್ಕೆ ಹೇಳಿದ ಈ ದೋಷಗಳು ರೇಖಾವಿನ್ಯಾಸಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತವೆ, ಏಕೆಂದರೆ ಇಲ್ಲಿ ದೋಷವನ್ನು ಮುಚ್ಚಲು ಮುಖವೂ ಇಲ್ಲ, ಆಭರಣವೂ ಇಲ್ಲ. ಸ್ಥೂಲರೇಖೆಯ ವಿಷಯದಲ್ಲಿ ಮಾತ್ರ ಒಂದು ವಿವೇಚನೆಯು ಬೇಕು. ಕೈಯಳತೆಯಲ್ಲಿ ದಪ್ಪವಾಗಿ ಕಂಡ ಗೆರೆಯು ನೆಲದಿಂದ ನೋಡುವಾಗ ಸಣ್ಣದಾಗುವುದು. ಹತ್ತು ಅಡಿ ಎತ್ತರದ ಮುಚ್ಚಿಗೆಯಲ್ಲಿ ಕಾಲು ಅಂಗುಲಕ್ಕಿಂತ ತೆಳ್ಳನೆಯ ಗೆರೆಯನ್ನು ಎಳೆಯುವುದು ವ್ಯರ್ಥಶ್ರಮ. ಒಂದು ಚೌಕವನ್ನು ಪೂರ್ತಿಮಾಡಿ, ಕೆಳಗಿಳಿದು, ನಿಂತು ನೋಡಿ, ಆಮೇಲೆ ಮುಂದುವರಿಯತಕ್ಕದ್ದು.

ದ್ರವ್ಯಗಳ ವಿಷಯದಲ್ಲಿ ಪ್ರಾಚೀನರು ಹೇಳಿದುದನ್ನೆಲ್ಲ ಈಗ ಅನುಸರಿಸಬೇಕಾಗಿಲ್ಲ. ಮಾನಸೋಲ್ಲಾಸದ ವಜ್ರಲೇಪವು ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ಮಾಡಿದ ಅಂಟು. ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ ಮೂರು ಸಾರಿ ಬಳಿದು ಭಿತ್ತಿಯನ್ನು ಹದಗೊಳಿಸುವ ವಿಧಾನವು ಅಲ್ಲಿದೆ. ಸ್ಥೂಲ, ಮಧ್ಯ, ಸೂಕ್ಷ್ಮವೆಂಬ ಮೂರು ಬಗೆಯ ಲೇಖನಿಗಳನ್ನು ಹೇಳಿ, ಕರುವಿನ ಕಿವಿಯ ಕೂದಲಿನಿಂದ ಅವುಗಳನ್ನು ಮಾಡುವುದನ್ನೂ ಹೇಳಿದೆ. ಮೂರು ಅಳತೆಯ ಕುಂಚಗಳು ಬೇಕೆಂಬುದು ಈಗಲೂ ಸತ್ಯ. ಕೂದಲು ಯಾವುದಾದರೂ ಆಗಬಹುದು. ಬಿಳುಪಿಗೆ ಶಂಖ, ಕೆಂಪಿಗೆ ಇಂಗಳೀಕ ಮತ್ತು ಜಾಜು, ಹಳದಿಗೆ ಅರದಾಳ, ಕಪ್ಪಿಗೆ ಕಾಡಿಗೆ ಎಂದು ಶುದ್ಧವರ್ಣಗಳ ಗಣನೆಯಿದೆ. ಇವುಗಳಲ್ಲಿ ಇಂಗಳೀಕವು ಪಾರದದ ಸಂಯುಕ್ತ, ಅರದಾಳವು ಪಾಷಾಣದ ಸಂಯುಕ್ತ. ಎರಡೂ ವಿಷ. ತಲೆಯೆತ್ತಿ ಬರೆಯುವವನ ಕಣ್ಣಿಗೂ ಬಾಯಿಗೂ ಬಣ್ಣದ ಹನಿಯು ಬೀಳುವುದು ತಪ್ಪಿದ್ದಲ್ಲವಾದುದರಿಂದ ಇವೆರಡನ್ನೂ ಸರ್ವಥಾ ವರ್ಜಿಸತಕ್ಕದ್ದು. ಕೆಮ್ಮಣ್ಣು, ಹಳದಿ ಮಣ್ಣು, ಸುಣ್ಣ, ಕಾಡಿಗೆ ಈ ನಾಲ್ಕರಿಂದಲೇ ಗಂಭೀರವಾದ ವಿನ್ಯಾಸವು ಸಿದ್ಧಿಸುತ್ತದೆ. ಗಾರೆಯ ಮೇಲೆ ಬರೆಯುವವರಿಗೆ ಇನ್ನೊಂದು ಪ್ರಯೋಜನವೂ ಉಂಟು: ಹೊಸ ಗಾರೆಯ ಸುಣ್ಣದ ತೀಕ್ಷ್ಣತೆಯನ್ನು ಎಲ್ಲ ಬಣ್ಣಗಳೂ ತಾಳಲಾರವು, ಮಣ್ಣಿನ ಬಣ್ಣಗಳು ತಾಳುವುವು. ಹಲಗೆಯ ಮುಚ್ಚಿಗೆಯಾದರೆ ಹಲಗೆಗಳ ಸಂದುಗಳು ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗಿ ಚಿತ್ರವನ್ನು ಸೀಳುವುದರಿಂದ, ದರಿಯಾದೌಲತ್ತಿನವರಂತೆ ಬಟ್ಟೆಯನ್ನು ಅಂಟಿಸಿ ಬರೆಯುವುದು ಲೇಸು. ಬಟ್ಟೆಯನ್ನು ನೆಲದ ಮೇಲೆ ಹರಡಿ ಬರೆದು ಆಮೇಲೆ ಮೇಲೇರಿಸುವುದು ಕುತ್ತಿಗೆಗೂ ತೋಳಿಗೂ ಹಿತ.

ಹಾಗೆ ನೆಲದ ಮೇಲೆ ಬರೆದು ಮೇಲೇರಿಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ನೆಲದ ಮೇಲೆ ಹಾಸಿದ ಬಟ್ಟೆಯನ್ನು ಮೇಲೇರಿಸಬೇಕಾದರೆ ಮಗುಚಲೇಬೇಕು. ಮಗುಚುವಾಗ ಉತ್ತರವನ್ನು ಉತ್ತರದಲ್ಲಿಯೇ ಇಟ್ಟುಕೊಂಡರೆ ಪೂರ್ವಪಶ್ಚಿಮಗಳು ಅದಲುಬದಲಾಗುವುವು. ಬರಿಯ ಚೌಕವೃತ್ತಗಳ ವಿನ್ಯಾಸಕ್ಕೆ ಇದರಿಂದ ಬಾಧೆಯಿಲ್ಲ. ದಿಕ್ಕುಗಳಿಗೆ ಸಂಬಂಧಿಸಿದ ಗುರುತುಗಳಿದ್ದರೆ ನೆಲದ ಮೇಲೆ ಬರೆಯುವಾಗಲೇ ಪೂರ್ವದ್ದನ್ನು ಪಶ್ಚಿಮಕ್ಕೂ ಪಶ್ಚಿಮದ್ದನ್ನು ಪೂರ್ವಕ್ಕೂ ಬರೆದುಕೊಂಡಿರಬೇಕು. ಸ್ವಸ್ತಿಕದ ವಿಷಯವು ಬೇರೆ. ಬಟ್ಟೆಯ ಮುಖವನ್ನೇ ನೋಡುವವರೆಗೆ ಅದರ ತಿರುವು ಕೆಡುವುದಿಲ್ಲ. ಆದರೆ ಕಾಗದದ ಮೇಲೆ ಬರೆದ ಮಾದರಿಯನ್ನು ಮುಚ್ಚಿಗೆಗೆ ಮುಖವೊತ್ತಿ ಗುರುತನ್ನು ಇಳಿಸುವವರ ಕೈಯಲ್ಲಿ ಬಲಕ್ಕೆ ತಿರುಗಬೇಕಾದ ಸ್ವಸ್ತಿಕವು ಎಡಕ್ಕೆ ತಿರುಗಿಬಿಡುವುದು.

ಸಾಹಿತ್ಯದ ಅಧ್ಯಾಪಕರಿಗೂ ಈ ವಿಪರ್ಯಾಸದಿಂದ ಒಂದು ಕೆಲಸವು ಬೀಳುತ್ತದೆ. ಕಲ್ಯಾಣದ ಚಾಳುಕ್ಯರ ಹಾಗೂ ಹೊಯ್ಸಳರ ದೇವಾಲಯಗಳ ವಿತಾನಗಳಲ್ಲಿ, ಉದಾಹರಣೆಗೆ ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಾಲಯದಲ್ಲಿ, ನಡುವೆ ತಾಂಡವೇಶ್ವರನನ್ನೂ ಸುತ್ತಲಿನ ಎಂಟು ಅಂಕಣಗಳಲ್ಲಿ ಅಷ್ಟದಿಕ್ಪಾಲಕರನ್ನೂ ಕೆತ್ತಿರುವರು. ವಿದ್ಯಾರ್ಥಿಯನ್ನು ಅಲ್ಲಿಗೆ ಕರೆದೊಯ್ದು ಆ ಅಂಕಣಗಳ ನಕ್ಷೆಯನ್ನು ಬರೆಯಹೇಳಿದರೆ, ಅವನು ಉತ್ತರವನ್ನು ಮೇಲಿಟ್ಟು, ಭೂಪಟದ ಅಭ್ಯಾಸದಿಂದ ಇಂದ್ರನನ್ನು ಬಲಕ್ಕೂ ವರುಣನನ್ನು ಎಡಕ್ಕೂ ಬರೆಯುವನು. ತಲೆಯೆತ್ತಿ ಪುಸ್ತಕವನ್ನು ಮುಖದ ಮೇಲೆ ಹಿಡಿದು ನೋಡಿದಾಗಲೇ, ಇಂದ್ರನು ಎಡಕ್ಕಿರುವುದು ಅವನಿಗೆ ಗೊತ್ತಾಗುವುದು. ನಕ್ಷತ್ರಪಟಗಳಲ್ಲಿ ಪೂರ್ವವನ್ನು ಎಡಕ್ಕೆ ಗುರುತಿಸುವುದೂ ಇದೇ ಕಾರಣದಿಂದ. ಮುಚ್ಚಿಗೆಯ ನಕ್ಷೆಯನ್ನು ಅಚ್ಚುಹಾಕಿಸುವವರು ಅದು ಕೆಳಗಿನಿಂದ ಕಂಡಂತೆ ಬರೆದುದೋ, ಮೇಲಿನಿಂದ ನೋಡಿದ ನೆಲದ ನಕ್ಷೆಗೆ ಹೊಂದಿಸಿ ಬರೆದುದೋ ಎಂಬುದನ್ನು ನಕ್ಷೆಯ ಕೆಳಗೆ ಒಂದು ಸಾಲಿನಲ್ಲಿ ಸೂಚಿಸತಕ್ಕದ್ದು.